ಅಪ್ಪನ ರಿಪೋರ್ಟ್‌ನಲ್ಲೂ ಆಂಟಿಬಾಡಿ, ಚಿಕ್ಕಮ್ಮನ ಔಷಧಿಯೂ ಆಂಟಿಬಾಡಿ. ಎರಡೂ ಒಂದೇನಾ?

ನಾಪೋಕ್ಲು ತೋಟದವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ. ಈ ಸಲದ ಕಕ್ಕಡ ತಿಂಗಳು ನಮ್ಮ ಮನೆಗೆ ಆಗಿಬರಲಿಲ್ಲ. ಬಿಡದ ಮಳೆ, ನಾಲ್ಕು ದಿನ ಕರೆಂಟ್ ಇಲ್ಲ, ಅದರ ಮಧ್ಯೆ ಒಂದಾದ ಮೇಲೊಂದು ಆಸ್ಪತ್ರೆ ಓಡಾಟ.

ಮೊದಲು ಅಪ್ಪ. ನಾಟಿ ಮುಗಿದು ಒಂದು ವಾರ ಆಗಿತ್ತು, ಚಳಿ ಜ್ವರ ಶುರುವಾಯಿತು. ಎರಡನೇ ದಿನವೇ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಡೆಂಗ್ಯೂ ಕಾರ್ಡ್ ಟೆಸ್ಟ್ ಮಾಡಿದರು. ಎನ್‌ಎಸ್1 ನೆಗೆಟಿವ್, ಐಜಿಎಂ ನೆಗೆಟಿವ್, ಐಜಿಜಿ ನೆಗೆಟಿವ್. ಜೊತೆಗೆ ವಿಡಾಲ್ ಅಂತ ಒಂದು, ಅದು 1:80 ಪಾಸಿಟಿವ್. ಟೈಫಾಯ್ಡ್ ಅಂತ ಹೇಳಿ ಮಾತ್ರೆ ಕೊಟ್ಟು ಕಳಿಸಿದರು. ಐದು ದಿನ ನುಂಗಿದರೂ ಜ್ವರ ಬಿಡಲಿಲ್ಲ, ಕಣ್ಣು ಕೆಂಪು ಕೆಂಪು, ಮೀನಖಂಡ ಮುಟ್ಟಿದರೆ ಸಾಕು ಅಯ್ಯೋ ಅನ್ನುತ್ತಿದ್ದರು. ಮಡಿಕೇರಿಗೆ ಓಡಿದೆವು. ಅಲ್ಲಿ ಲೆಪ್ಟೋ ಐಜಿಎಂ ಪಾಸಿಟಿವ್ ಬಂತು, ಇಲಿ ಜ್ವರ ಅಂದರು. ಈಗ ಹುಷಾರಾಗಿದ್ದಾರೆ, ಬೆಳಿಗ್ಗೆ ಎದ್ದು ಗದ್ದೆ ಬದು ನೋಡಲು ಹೊರಡುತ್ತಾರೆ, ನಾನು ಬಯ್ಯುತ್ತೇನೆ. ಆದರೆ ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಡಿ ಅಂದಿದ್ದಾರೆ. ಹುಷಾರಾದ ಮನುಷ್ಯನಿಗೆ ಇನ್ನೊಂದು ಟೆಸ್ಟ್ ಯಾಕೆ?

ಎರಡನೆಯದು ನಮ್ಮ ಲೈನ್ ಮನೆಯ (ತೋಟದ ಕೆಲಸದವರ ಸಾಲು ಮನೆ) ಅಕ್ಕ. ಕಳೆದ ವಾರ ಕಾಫಿ ಗಿಡದ ಬುಡದಲ್ಲಿ ಕಳೆ ತೆಗೆಯುವಾಗ ಬೆರಳಿಗೆ ಹಾವು ಕಚ್ಚಿತು. ಮೊಣಕೈವರೆಗೆ ಬಾವು ಬಂತು. ಆಸ್ಪತ್ರೆಯಲ್ಲಿ ಒಂದು ದಿನ ಪೂರ್ತಿ ಇಟ್ಟುಕೊಂಡು ಗಂಟೆ ಗಂಟೆಗೆ ನೋಡಿದರು, ಗಾಜಿನ ಕೊಳವೆಯಲ್ಲಿ ರಕ್ತ ಹಾಕಿ ಹಾಕಿ ನೋಡಿದರು, ಆದರೆ ಹಾವಿನ ಇಂಜೆಕ್ಷನ್ ಮಾತ್ರ ಕೊಡಲಿಲ್ಲ! ಅವಳ ಗಂಡ ಅಲ್ಲೇ ಗಲಾಟೆ ಮಾಡಿದ. ಬಡವರು ಅಂತ ಕೊಡಲಿಲ್ಲ ಅಂತ ಈಗಲೂ ಲೈನ್‌ನಲ್ಲಿ ಎಲ್ಲರ ಹತ್ತಿರ ಹೇಳುತ್ತಿದ್ದಾನೆ. ನಿಜ ಹೇಳಬೇಕೆಂದರೆ ನನಗೂ ಅದೇ ಅನುಮಾನ.

ಮೂರನೆಯದು ಮೈಸೂರಿನ ಚಿಕ್ಕಮ್ಮ. ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಕೀಮೋ ನಡೆಯುತ್ತಿದೆ. ಈಗ ಅದರ ಜೊತೆ ಮೂರು ವಾರಕ್ಕೊಂದರಂತೆ ಒಂದು ವರ್ಷ ಇನ್ನೊಂದು ಇಂಜೆಕ್ಷನ್ ಅಂತೆ. ಏನದು ಅಂದರೆ 'ಅದು ಕೀಮೋ ಅಲ್ಲ, ಆಂಟಿಬಾಡಿ' ಅಂದರಂತೆ.

ನನ್ನ ತಲೆ ಕೆಟ್ಟಿದ್ದು ಇಲ್ಲೇ. ಅಪ್ಪನ ವಿಷಯದಲ್ಲಿ ಆಂಟಿಬಾಡಿ ಇದ್ದರೆ ರೋಗ ಇದೆ ಅಂತ ಅರ್ಥ. ಹಾವಿನ ಇಂಜೆಕ್ಷನ್ನೂ ಆಂಟಿಬಾಡಿಯೇ ಅಂತ ನರ್ಸ್ ಹೇಳಿದರು. ಚಿಕ್ಕಮ್ಮನಿಗೆ ಆಂಟಿಬಾಡಿಯೇ ಔಷಧಿ. ಒಂದೇ ಪದ ಎಲ್ಲ ಕಡೆ ಹೇಗೆ ಬರುತ್ತದೆ? ಗೊತ್ತಿದ್ದವರು ಬಿಡಿಸಿ ಹೇಳಿ. ಪಾಠದ ಭಾಷೆ ಬೇಡ.

---

ಹಳೇ ಪ್ಲಾಂಟರ್, ಪಾಲಿಬೆಟ್ಟ:

ತಮ್ಮಾ, ಮೊದಲು ಆ ಹೆಂಗಸನ್ನು ಬೇರೆ ಆಸ್ಪತ್ರೆಗೆ ತೋರಿಸು. ನಾನು ಐವತ್ತು ವರ್ಷ ತೋಟ ನೋಡಿದವನು. ನಮ್ಮ ಕಾಲದಲ್ಲಿ ಹಾವು ಕಚ್ಚಿತು ಅಂದರೆ ಯಾವ ಹಾವು ಏನು ಅಂತ ಕೇಳುತ್ತಲೇ ಇರಲಿಲ್ಲ, ತೋಟದ ಆಸ್ಪತ್ರೆಯ ಕಾಂಪೌಂಡರ್ ಒಂದು ಇಂಜೆಕ್ಷನ್ ಹಾಕಿ ಬಿಡುತ್ತಿದ್ದ, ಮೂರನೇ ದಿನ ಆಳು ಕೆಲಸಕ್ಕೆ. ಈಗಿನವರು ಕೇಸ್ ಆಗುತ್ತದೆ ಅಂತ ಹೆದರಿ ಸುಮ್ನೆ ನೋಡುತ್ತಾ ಕೂರುತ್ತಾರೆ.

ಇಲಿ ಜ್ವರ ಎಲ್ಲ ಮೊದಲೂ ಇತ್ತು. ಹೆಸರು ಇರಲಿಲ್ಲ ಅಷ್ಟೇ.

---

ಲ್ಯಾಬ್ ಅಕ್ಕ, ಮಡಿಕೇರಿ:

ಇಪ್ಪತ್ತು ವರ್ಷದಿಂದ ಲ್ಯಾಬ್‌ನಲ್ಲಿದ್ದೇನೆ, ನನಗೆ ಗೊತ್ತಿರುವ ಕಡೆಯಿಂದ ಹೇಳುತ್ತೇನೆ. ಹಾವಿನ ವಿಷಯ ಬೇರೆ ಯಾರಾದರೂ ಹೇಳಲಿ.

ಆಂಟಿಬಾಡಿ ಅಂದರೆ ನಮ್ಮ ರಕ್ತದಲ್ಲಿರುವ ಒಂದು ಪ್ರೋಟೀನ್. ಇಂಗ್ಲಿಷಿನ ವೈ ಅಕ್ಷರದ ಹಾಗೆ ಎರಡು ಕೈ ಇರುತ್ತದೆ. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ, ತನಗೆ ಹೊಂದುವ ಆಕಾರ ಸಿಕ್ಕಿದರೆ ಹಿಡಿದುಕೊಳ್ಳುವುದು. ಬೇರೆ ಆಕಾರ ಎದುರಿಗೆ ಬಂದು ನಿಂತರೂ ಮುಟ್ಟುವುದಿಲ್ಲ. ನೀವು ತೋಟದವರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಗೊತ್ತಲ್ವಾ? ದಪ್ಪ ಅರೇಬಿಕಾ ಹಣ್ಣಿಗೆ ಹೊಂದಿಸಿಟ್ಟ ಪಲ್ಪರ್‌ಗೆ ಸಣ್ಣ ಹಣ್ಣು ಸುರಿದರೆ ಸಿಪ್ಪೆ ಬಿಡದೆ ಹಾಗೇ ಈಚೆ ಬರುತ್ತದೆ. ಹಾಗೇ ಇದು.

ಈ ಹಿಡಿಯುವ ಗುಣವನ್ನೇ ನಾವು ಲ್ಯಾಬ್‌ನಲ್ಲಿ ಎರಡು ರೀತಿ ಬಳಸುತ್ತೇವೆ. ನಿಮ್ಮ ಗೊಂದಲಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಒಂದು, ಆಂಟಿಬಾಡಿಯನ್ನು ನಾವು ಸ್ಟ್ರಿಪ್ ಮೇಲೆ ಇಟ್ಟು ನಿಮ್ಮ ರಕ್ತದಲ್ಲಿ ರೋಗದ ವಸ್ತು ಹುಡುಕುವುದು. ಡೆಂಗ್ಯೂ ಎನ್‌ಎಸ್1 ಹೀಗೆ. ಎನ್‌ಎಸ್1 ಅನ್ನುವುದು ವೈರಸ್‌ನ ಪ್ರೋಟೀನ್, ನಿಮ್ಮದಲ್ಲ. ಜ್ವರದ ಮೊದಲ ದಿನದಿಂದ ಐದನೇ ದಿನದವರೆಗೆ ಚೆನ್ನಾಗಿ ಸಿಗುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಗರ್ಭಿಣಿ ಟೆಸ್ಟ್ ಕಾರ್ಡ್ ಕೂಡ ಇದೇ ಜಾತಿ. ಗರ್ಭಿಣಿಯರ ಮೂತ್ರದಲ್ಲಿರುವ ಎಚ್‌ಸಿಜಿ ಹಾರ್ಮೋನನ್ನು ಸ್ಟ್ರಿಪ್ ಮೇಲಿನ ಆಂಟಿಬಾಡಿ ಹಿಡಿಯುತ್ತದೆ. ಆ ಕೆಂಪು ಗೆರೆ ಬಣ್ಣ ಅಲ್ಲ ಸ್ವಾಮಿ, ಹೆಚ್ಚಿನ ಕಾರ್ಡ್‌ಗಳಲ್ಲಿ ಅದು ಚಿನ್ನದ ಅತಿ ಸಣ್ಣ ಕಣ! ಆಂಟಿಬಾಡಿಗೆ ಚಿನ್ನ ಅಂಟಿಸಿರುತ್ತಾರೆ, ಅವೆಲ್ಲ ಒಂದೇ ಗೆರೆಯಲ್ಲಿ ಸೇರಿದಾಗ ಕೆಂಪಾಗಿ ಕಾಣುತ್ತದೆ. ಕಾರ್ಡ್ ಸರಿ ಇದೆ ಅಂತ ತೋರಿಸುವ ಸಿ ಗೆರೆ ಬರದಿದ್ದರೆ ಕಾರ್ಡೇ ಕೆಟ್ಟಿದೆ ಅಂತ, ಫಲಿತಾಂಶದ ಟಿ ಗೆರೆ ನೋಡಲೇಬೇಡಿ. ರಕ್ತದ ಗುಂಪು ನೋಡುವ ನೀಲಿ ಬಾಟಲಿ, ಹಳದಿ ಬಾಟಲಿ ನೋಡಿರುತ್ತೀರಿ. ನೀಲಿಯದು ಆಂಟಿ ಎ, ಹಳದಿಯದು ಆಂಟಿ ಬಿ. ಅವೂ ಆಂಟಿಬಾಡಿಯೇ.

ಇನ್ನೊಂದು ರೀತಿ ಇದಕ್ಕೆ ಉಲ್ಟಾ. ರೋಗಾಣುವಿನ ತುಣುಕನ್ನು ನಾವು ಕಿಟ್‌ನಲ್ಲಿ ಇಟ್ಟು, ನಿಮ್ಮ ದೇಹ ಅದಕ್ಕೆ ಆಂಟಿಬಾಡಿ ಮಾಡಿದೆಯಾ ಅಂತ ನೋಡುವುದು. ಐಜಿಎಂ, ಐಜಿಜಿ ಅಂತ ಬರುವುದೆಲ್ಲ ಇದು. ಇಲ್ಲಿ ನಾವು ರೋಗವನ್ನು ನೋಡುತ್ತಿಲ್ಲ, ರೋಗ ಬಂದು ಹೋದ ಹೆಜ್ಜೆ ಗುರುತು ನೋಡುತ್ತಿದ್ದೇವೆ. ತೋಟದಲ್ಲಿ ಬೆಳಿಗ್ಗೆ ಆನೆ ಹೆಜ್ಜೆ ಕಂಡರೆ ಆನೆ ಬಂದಿತ್ತು ಅಂತ ಗೊತ್ತಾಗುತ್ತದೆ, ಆದರೆ ರಾತ್ರಿ ಬಂದದ್ದಾ, ಮೊನ್ನೆ ಬಂದದ್ದಾ ಅಂತ ಹೆಜ್ಜೆಯ ಹಸಿ ನೋಡಿ ಹೇಳಬೇಕು. ಐಜಿಎಂ ಹಸಿ ಹೆಜ್ಜೆ. ಐಜಿಜಿ ಆಮೇಲೆ ಬಂದು ವರ್ಷಗಟ್ಟಲೆ ಇರುತ್ತದೆ.

ಮುಖ್ಯ ವಿಷಯ, ಐಜಿಎಂ ಮೇಲೆ ಬರಲು ಜ್ವರ ಶುರುವಾಗಿ ಹೆಚ್ಚುಕಡಿಮೆ ಐದು ದಿನ ಬೇಕು. ಎರಡನೇ ದಿನ ನಿಮ್ಮ ಅಪ್ಪನಿಗೆ ಯಾವ ಐಜಿಎಂ ಮಾಡಿದರೂ ನೆಗೆಟಿವ್ ಬರುವುದೇ ಜಾಸ್ತಿ. ಆ ನೆಗೆಟಿವ್‌ಗೆ ಅರ್ಥವೇ ಇಲ್ಲ. ಲೆಪ್ಟೋ ಟೆಸ್ಟ್ ಏಳನೇ ದಿನ ಮಾಡಿದ್ದಕ್ಕೆ ಸಿಕ್ಕಿತು, ಎರಡನೇ ದಿನವೇ ಮಾಡಿದ್ದರೆ ಅದೂ ನೆಗೆಟಿವ್ ಬಂದು 'ಇಲಿ ಜ್ವರ ಅಲ್ಲ' ಅಂದುಬಿಡುತ್ತಿದ್ದರೇನೋ. ಎಷ್ಟನೇ ದಿನದ ಜ್ವರ ಅಂತ ಕೇಳದೆ ರಕ್ತ ಎಳೆಯುವುದು ನನಗೆ ಕಂಡರಾಗದ ಕೆಲಸ.

ವಿಡಾಲ್ ಬಗ್ಗೆ ನನಗೆ ತುಂಬಾ ಸಿಟ್ಟಿದೆ. ಟೈಫಾಯ್ಡ್‌ಗೆ ದೇಹ ಮಾಡಿದ ಆಂಟಿಬಾಡಿ ಹುಡುಕುವ 1896ರ ಟೆಸ್ಟ್ ಅದು. ಒಳ್ಳೆಯ ಟೆಸ್ಟೇ, ಆ ಕಾಲಕ್ಕೆ. ಟೈಫಾಯ್ಡ್ ಸುತ್ತಾಡುವ ಊರಲ್ಲಿ ಆರೋಗ್ಯವಾಗಿರುವವರ ರಕ್ತದಲ್ಲೂ 1:80, ಅಂದರೆ 80 ಪಟ್ಟು ತೆಳು ಮಾಡಿದರೂ ಪಾಸಿಟಿವ್, ಕಾಣುತ್ತದೆ. ಯಾವತ್ತೋ ಬಂದು ಹೋದದ್ದು, ಲಸಿಕೆ, ಬೇರೆ ಜ್ವರ, ಏನಾದರೂ ಕಾರಣ ಇರಬಹುದು. ಒಂದು ಸಲದ ವಿಡಾಲ್ ನೋಡಿ ಟೈಫಾಯ್ಡ್ ಅನ್ನಬಾರದು. ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಮಾಡಬೇಕು, ಅದೂ ಆಂಟಿಬಯಾಟಿಕ್ ಶುರು ಮಾಡುವ ಮೊದಲು.

ಎರಡನೇ ರಕ್ತ ಯಾಕೆ ಅಂದರೆ, ಲೆಪ್ಟೋ ಕಿಟ್ ಕೂಡ ಕೆಲವೊಮ್ಮೆ ಬೇರೆ ಜ್ವರಕ್ಕೆ ಮೋಸ ಹೋಗುತ್ತದೆ. ಎರಡು ವಾರದ ಅಂತರದಲ್ಲಿ ಆಂಟಿಬಾಡಿ ನಾಲ್ಕು ಪಟ್ಟು ಏರಿದ್ದರೆ ಆಗ ಗಟ್ಟಿಯಾಗಿ ಹೇಳಬಹುದು. ನಿಮ್ಮ ಅಪ್ಪನಿಗೆ ಔಷಧಿ ಆಗಲೇ ಕೊಟ್ಟಾಯಿತು, ಸರಿಯಾದದ್ದೇ ಮಾಡಿದ್ದಾರೆ, ಲೆಪ್ಟೋ ಅನುಮಾನ ಇದ್ದರೆ ರಿಪೋರ್ಟ್‌ಗೆ ಕಾಯಬಾರದು. ಆದರೂ ರಕ್ತ ಕೊಡಿ. ನಿಮ್ಮ ಗದ್ದೆಯಲ್ಲಿ ಇನ್ನೂ ಎಷ್ಟು ಜನ ಇಳಿದಿದ್ದರು? ಕಾಲಲ್ಲಿ ಜಿಗಣೆ ಕಚ್ಚಿದ ಗಾಯ, ಬಿರುಕು ಇಲ್ಲದವರು ಯಾರಿದ್ದಾರೆ ನಮ್ಮಲ್ಲಿ? ಇಲಿ, ದನದ ಮೂತ್ರ ಸೇರಿದ ನೀರು ಅಲ್ಲಿಂದಲೇ ಒಳಗೆ ಹೋಗುವುದು.

---

ಹಾವು ಬಿಡುವವ, ವಿರಾಜಪೇಟೆ:

ಹಾವು ಹೇಗಿತ್ತು ಹೇಳಿ. ಯಾರಾದರೂ ಫೋಟೋ ತೆಗೆದಿದ್ದರಾ?

---

ನಾಪೋಕ್ಲು ತೋಟದವ:

ಫೋಟೋ ಇದೆ, ಆದರೆ ಮಸುಕು. ಒಣ ಎಲೆ ಬಣ್ಣ, ಒಂದೂವರೆ ಅಡಿ ಇರಬಹುದು, ಮೈ ದಪ್ಪ, ತಲೆ ಮೂರು ಮೂಲೆ. ಮೂಗು ಮೇಲಕ್ಕೆ ಎತ್ತಿದ ಹಾಗೆ. ತರಗೆಲೆಯಲ್ಲಿ ಮಲಗಿತ್ತು, ಕಾಣಲೇ ಇಲ್ಲ ಅಂತಾಳೆ.

---

ಹಾವು ಬಿಡುವವ, ವಿರಾಜಪೇಟೆ:

ಮೂಗು ಮೇಲಕ್ಕಿತ್ತು ಅಂದರೆ ಹಂಪ್ ನೋಸ್ಡ್ ಪಿಟ್ ವೈಪರ್ ಅಂತ ನನ್ನ ಲೆಕ್ಕ. ನಮ್ಮ ತೋಟಗಳಲ್ಲಿ ತರಗೆಲೆಯಲ್ಲಿ ಇದು, ಕಾಫಿ ಗಿಡದ ರೆಕ್ಕೆಯ (ಕೊಂಬೆಯ) ಮೇಲೆ ಮಲಬಾರ್ ಪಿಟ್ ವೈಪರ್. ಇವೆರಡೂ ಗುಳಿ ಮಂಡಲದ ಜಾತಿ. ಫೋಟೋ ನನಗೆ ಕಳಿಸಿ, ಆದರೂ ಡಾಕ್ಟರ್ ಮಾತು ಕೊನೆ.

ಪ್ಲಾಂಟರ್ ಅಂಕಲ್, ನಿಮ್ಮ ಮೇಲೆ ಗೌರವ ಇದೆ, ಆದರೆ ಈ ಮಾತು ದಯವಿಟ್ಟು ಲೈನ್ ಮನೆಗಳಲ್ಲಿ ಹೇಳಬೇಡಿ. ಅಕ್ಕ ಈಗಷ್ಟೇ ಹೇಳಿದರಲ್ಲ, ಆಂಟಿಬಾಡಿ ತನ್ನ ಆಕಾರ ಬಿಟ್ಟು ಬೇರೆ ಮುಟ್ಟಲ್ಲ ಅಂತ. ಹಾವಿನ ಇಂಜೆಕ್ಷನ್ ಅಂದರೆ ಏನು? ಕುದುರೆಗೆ ಸ್ವಲ್ಪ ಸ್ವಲ್ಪವೇ ಹಾವಿನ ವಿಷ ಚುಚ್ಚುತ್ತಾರೆ, ಕುದುರೆ ಸಾಯುವುದಿಲ್ಲ, ವಿಷಕ್ಕೆ ಆಂಟಿಬಾಡಿ ಮಾಡಿಕೊಳ್ಳುತ್ತದೆ. ಅದರ ರಕ್ತದಿಂದ ಆ ಆಂಟಿಬಾಡಿ ಬೇರ್ಪಡಿಸಿ ಪುಡಿ ಮಾಡಿ ವಯಲ್‌ಗೆ ತುಂಬುತ್ತಾರೆ. ನಮ್ಮ ದೇಶದಲ್ಲಿ ಆ ಕುದುರೆಗಳಿಗೆ ಚುಚ್ಚುವುದು ನಾಲ್ಕೇ ನಾಲ್ಕು ಹಾವಿನ ವಿಷ. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಹೆಚ್ಚಿನ ವಿಷ ಬರುವುದು ತಮಿಳುನಾಡಿನ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ, 1978ರಲ್ಲಿ ಶುರುವಾದದ್ದು. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ.

ಆ ಪಟ್ಟಿಯಲ್ಲಿ ನಮ್ಮ ಗುಳಿ ಮಂಡಲ ಇಲ್ಲ. ಕಾಳಿಂಗ ಸರ್ಪವೂ ಇಲ್ಲ. ಈ ಮೂಗೆತ್ತಿದ ಹಾವಿನ ವಿಷಕ್ಕೆ ಆ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ಹತ್ತು ವಯಲ್ ಸುರಿದರೂ ಅಷ್ಟೇ. ಉಪಯೋಗ ಇಲ್ಲದಿದ್ದರೂ ಕೆಡುಕು ಮಾತ್ರ ಇದೆ, ಯಾಕೆಂದರೆ ಅದು ಕುದುರೆಯ ಪ್ರೋಟೀನ್. ನಮ್ಮ ದೇಹ ಅದನ್ನು ಹೊರಗಿನದು ಅಂತ ಗುರುತಿಸಿ ತಿರುಗಿ ಬೀಳಬಹುದು, ಮೈ ತುಂಬ ದದ್ದು, ಬಿಪಿ ಇಳಿಯುವುದು, ಉಸಿರು ಕಟ್ಟುವುದು. ಅದಕ್ಕೇ ಇಂಜೆಕ್ಷನ್ ಹಾಕುವ ಮೊದಲೇ ಅಡ್ರಿನಲಿನ್ ಸಿರಿಂಜ್ ತುಂಬಿ ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. ಬೇಡದವರಿಗೆ ಕೊಡದಿರುವುದು ಜಿಪುಣತನ ಅಲ್ಲ.

ಗಾಜಿನ ಕೊಳವೆಯಲ್ಲಿ ರಕ್ತ ಹಾಕಿದರು ಅಂದಿರಲ್ಲ, ಅದನ್ನು ಕೇಳಿಯೇ ನನಗೆ ಆ ಡಾಕ್ಟರ್ ಮೇಲೆ ನಂಬಿಕೆ ಬಂತು. ಒಣ ಗಾಜಿನ ಕೊಳವೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ಆಮೇಲೆ ಓರೆ ಮಾಡುತ್ತಾರೆ. ಹೆಪ್ಪುಗಟ್ಟಿದ್ದರೆ ಸರಿ. ನೀರಾಗಿಯೇ ಇದ್ದರೆ ವಿಷ ರಕ್ತಕ್ಕೆ ಹೋಗಿದೆ ಅಂತ. ಕೊಳಕು ಮಂಡಲ ಆಗಿದ್ದರೆ ಆಗಲೇ ವಯಲ್ ಒಡೆಯುತ್ತಿದ್ದರು. ಶುರುವಿಗೇ 8ರಿಂದ 10 ವಯಲ್, ಮಕ್ಕಳಿಗೂ ಅಷ್ಟೇ. ಎದುರಿಗಿರುವುದು ಮಗು ಅಂತ ಹಾವು ಕಡಿಮೆ ವಿಷ ಬಿಡುತ್ತದಾ?

ಒಂದು ಮಾತು ಮಾತ್ರ ಮರೆಯಬೇಡಿ. ಈ ಹಾವು ಕಚ್ಚಿದರೆ ಕೆಲವರಿಗೆ ಕೆಲವು ದಿನ ಬಿಟ್ಟು ಕಿಡ್ನಿಗೆ ಪೆಟ್ಟು ಬೀಳುತ್ತದೆ. ಬಾವು ಇಳಿಯಿತು ಅಂತ ಬಿಡಬಾರದು. ಡಿಸ್ಚಾರ್ಜ್ ಚೀಟಿಯಲ್ಲಿ ಮತ್ತೆ ಬಂದು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ನೋಡಿಸಿ ಅಂತ ಬರೆದಿದ್ದಾರಾ ನೋಡಿ. ಮೂತ್ರ ಕಡಿಮೆಯಾಗಿದೆಯಾ ಕೇಳಿ.

---

ಹಳೇ ಪ್ಲಾಂಟರ್, ಪಾಲಿಬೆಟ್ಟ:

ನಾಲ್ಕೇ ಹಾವಿಗೆ ಅಂತ ನನಗೆ ಗೊತ್ತಿರಲಿಲ್ಲಪ್ಪ. ಹಾಗಾದರೆ ಮೂರನೇ ದಿನ ಕೆಲಸಕ್ಕೆ ಬರುತ್ತಿದ್ದವರಿಗೆ ವಿಷವೇ ಏರಿರಲಿಲ್ಲವೋ ಏನೋ. ಕಾಂಪೌಂಡರ್‌ಗೆ ಒಳ್ಳೆ ಹೆಸರು ಬಂತು.

---

ಸೋಮವಾರಪೇಟೆ ಡಾಕ್ಟರ್ (ಈಗ ಮೈಸೂರು):

ಹಾವಿನ ಬಗ್ಗೆ ಅವರು ಹೇಳಿದ್ದು ಸರಿ ಇದೆ. ನಾನು ಚಿಕ್ಕಮ್ಮನ ಔಷಧಿ ಬಗ್ಗೆ ಹೇಳುತ್ತೇನೆ. ಹೆಸರು ಟ್ರಾಸ್ಟುಜುಮ್ಯಾಬ್ ಇರಬೇಕು, ಚೀಟಿ ನೋಡಿ. ಕೊನೆಯಲ್ಲಿ 'ಮ್ಯಾಬ್' ಅಂತ ಬಂದರೆ ಅದು ಮೋನೋಕ್ಲೋನಲ್ ಆಂಟಿಬಾಡಿ, ಅಂದರೆ ಎಲ್ಲವೂ ಒಂದೇ ಅಚ್ಚಿನವು.

ಕುದುರೆ ರಕ್ತದಲ್ಲಿ ಸಾವಿರ ಬಗೆಯ ಆಂಟಿಬಾಡಿ ಕಲಬೆರಕೆ ಇರುತ್ತದೆ, ಅದರಲ್ಲಿ ವಿಷಕ್ಕೆ ಆಗುವುದು ಒಂದು ಪಾಲು. ಒಂದೇ ಬಗೆಯದು, ಬೇಕಾದಷ್ಟು, ಬೇಕಾದಾಗ ಸಿಗುವ ಹಾಗೆ ಮಾಡುವುದು ಹೇಗೆ ಅಂತ 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿಕೊಟ್ಟರು. ಇಲಿಗೆ ಬೇಕಾದ ವಸ್ತು ಚುಚ್ಚಿ, ಅದರ ಗುಲ್ಮದಿಂದ ಆಂಟಿಬಾಡಿ ಮಾಡುವ ಜೀವಕೋಶ ತೆಗೆದು, ಅದನ್ನು ಕ್ಯಾನ್ಸರ್ ಜೀವಕೋಶದ ಜೊತೆ ಬೆಸೆದರು. ಒಂದಕ್ಕೆ ಆಂಟಿಬಾಡಿ ಮಾಡಲು ಬರುತ್ತದೆ, ಇನ್ನೊಂದಕ್ಕೆ ಸಾವಿಲ್ಲ. ಎರಡೂ ಸೇರಿದ್ದು ಕೊನೆಯಿಲ್ಲದೆ ಒಂದೇ ಆಂಟಿಬಾಡಿ ಮಾಡುತ್ತಾ ಹೋಗುತ್ತದೆ. 1984ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಕ್ರಮಕ್ಕೆ ಪೇಟೆಂಟ್ ಮಾಡಿಸಿರಲಿಲ್ಲ ಅನ್ನುವುದು ನನಗೆ ಇಷ್ಟವಾದ ವಿಷಯ. ಲ್ಯಾಬ್ ಅಕ್ಕನ ಕಾರ್ಡ್‌ಗಳಲ್ಲಿ, ನೀಲಿ ಹಳದಿ ಬಾಟಲಿಗಳಲ್ಲಿ ಈಗ ಇರುವುದೂ ಹೆಚ್ಚಾಗಿ ಇದೇ ದಾರಿಯಲ್ಲಿ ಬಂದವು.

ಇಲಿಯ ಆಂಟಿಬಾಡಿಯನ್ನು ಹಾಗೇ ಮನುಷ್ಯನಿಗೆ ಕೊಟ್ಟರೆ ಕುದುರೆಯದ್ದೇ ಕಥೆ, ದೇಹ ಒಪ್ಪುವುದಿಲ್ಲ. ಅದಕ್ಕೆ ಹಿಡಿಯುವ ತುದಿಯನ್ನಷ್ಟೇ ಇಲಿಯದ್ದು ಉಳಿಸಿ ಉಳಿದದ್ದನ್ನು ಮನುಷ್ಯನದ್ದಾಗಿ ಬದಲಾಯಿಸಿದರು. ಟ್ರಾಸ್ಟು-ಜು-ಮ್ಯಾಬ್ ಹೆಸರಿನ ನಡುವೆ 'ಜು' ಇದೆಯಲ್ಲ, ಅದು ಹಾಗೆ ಬದಲಾಯಿಸಿದ್ದು ಅನ್ನುವ ಗುರುತು.

ಈಗ ಚಿಕ್ಕಮ್ಮನ ಬಯಾಪ್ಸಿ ರಿಪೋರ್ಟ್ ತೆಗೆಯಿರಿ. ಹರ್-2 ಅಂತ ಇರುತ್ತದೆ, ಎದುರಿಗೆ 3+ ಅಂತ ಇರಬಹುದು. ಸ್ತನ ಕ್ಯಾನ್ಸರ್ ನೂರರಲ್ಲಿ 15ರಿಂದ 20 ಮಂದಿಯದ್ದು ಹೀಗಿರುತ್ತದೆ. ಗಡ್ಡೆಯ ಜೀವಕೋಶದ ಮೈ ಮೇಲೆ ಹರ್-2 ಅನ್ನುವ ಪ್ರೋಟೀನ್ ವಿಪರೀತ ಇರುತ್ತದೆ, ಬೆಳೆ ಬೆಳೆ ಅಂತ ಜೀವಕೋಶಕ್ಕೆ ಹೇಳುತ್ತಿರುತ್ತದೆ. ಇದನ್ನು ಕಂಡುಹಿಡಿದದ್ದು ಹೇಗೆ? ಗಡ್ಡೆಯ ತೆಳು ಚೂರನ್ನು ಗಾಜಿನ ಮೇಲಿಟ್ಟು ಹರ್-2 ಹಿಡಿಯುವ ಆಂಟಿಬಾಡಿ ಹಾಕುತ್ತಾರೆ, ಅಂಟಿದ ಕಡೆ ಕಂದು ಬಣ್ಣ ಬರುತ್ತದೆ. ದಟ್ಟವಾಗಿ ಬಂದರೆ 3+. ಮಧ್ಯದಲ್ಲಿ 2+ ಬಂದರೆ ಫಿಶ್ ಅಂತ ಇನ್ನೊಂದು ಟೆಸ್ಟ್ ಮಾಡಿ ನಿರ್ಧರಿಸುತ್ತಾರೆ. ಔಷಧಿ ಯಾವುದು? ಅದೇ ಹರ್-2 ಹಿಡಿಯುವ ಇನ್ನೊಂದು ಆಂಟಿಬಾಡಿ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. ಗಾಜಿನ ಮೇಲೆ ಹಾಕಿದರೆ ಪರೀಕ್ಷೆ, ನರಕ್ಕೆ ಹಾಕಿದರೆ ಚಿಕಿತ್ಸೆ. ಹರ್-2 ಇಲ್ಲದವರಿಗೆ ಕೊಟ್ಟರೆ ಹಿಡಿಯಲು ಏನೂ ಇರುವುದಿಲ್ಲ, ನಿಮ್ಮ ತೋಟದ ಹಾವಿನ ಕಥೆಯೇ.

ಕೂದಲು ಉದುರುವುದು ಕೀಮೋದಿಂದ, ಇದರಿಂದ ಅಲ್ಲ. ಮೊದಲನೇ ಸಲ ಕೊಟ್ಟಾಗ ಚಳಿ ಜ್ವರ ಬರಬಹುದು, ಹೆದರಬೇಡಿ, ಅಲ್ಲಿಯೇ ನೋಡಿಕೊಳ್ಳುತ್ತಾರೆ. ಆದರೆ ಇದು ಕೆಲವರ ಹೃದಯದ ಶಕ್ತಿ ಇಳಿಸುತ್ತದೆ, ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ, ಅದನ್ನು ತಪ್ಪಿಸಬಾರದು. ದುಡ್ಡಿನ ಬಗ್ಗೆ, ಅಮೆರಿಕದಲ್ಲಿ ಇದು 1998ರಲ್ಲಿ ಬಂದಾಗ ನಮ್ಮವರು ಕನಸಲ್ಲೂ ಯೋಚಿಸುವ ಹಾಗಿರಲಿಲ್ಲ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದರ ಬಯೋಸಿಮಿಲರ್, ಅಂದರೆ ಇದರಂತೆಯೇ ಕೆಲಸ ಮಾಡುವ ಬೇರೆ ಕಂಪನಿಯ ಔಷಧಿ, ತಂದಿತು, ಈಗ ಬೇರೆ ಕಂಪನಿಗಳದ್ದೂ ಇದೆ. ಬಯೋಸಿಮಿಲರ್ ಬರೆದಿದ್ದಾರೆ ಅಂದರೆ ಎರಡನೇ ದರ್ಜೆ ಅಂತ ತಿಳಿಯಬೇಡಿ. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಕೌಂಟರ್‌ನಲ್ಲಿ ಮೊದಲೇ ಕೇಳಿ, ಅರ್ಧ ಕೋರ್ಸ್ ಆದ ಮೇಲೆ ಅಲ್ಲ.

ಹಾಗಂತ ಆಂಟಿಬಾಡಿ ಅಂದ ಕೂಡಲೇ ಮಂತ್ರ ಅಲ್ಲ. ಕೋವಿಡ್ ಸಮಯದಲ್ಲಿ ಪ್ಲಾಸ್ಮಾ ಬೇಕು ಅಂತ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎಷ್ಟು ಓಡಾಡಿದೆವು ನೆನಪಿದೆಯಾ? ಗುಣವಾದವರ ರಕ್ತದ ಆಂಟಿಬಾಡಿ ಅದು. 2020ರಲ್ಲಿ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷಿಸಿ ನೋಡಿತು. ಸಾವು ಕಡಿಮೆಯಾಗಲಿಲ್ಲ. 2021ರ ಮೇನಲ್ಲಿ ಚಿಕಿತ್ಸೆಯ ಪಟ್ಟಿಯಿಂದಲೇ ತೆಗೆದರು.

---

ಗೋಣಿಕೊಪ್ಪದ ಅಮ್ಮ:

ಡಾಕ್ಟರ್ ಅಷ್ಟು ಹೇಳಿದ ಮೇಲೆ ನಾನೇನು ಹೇಳುವುದು, ಆದರೂ ನನ್ನ ಅನುಭವ ಒಂದು. ನನ್ನದು ಓ ನೆಗೆಟಿವ್, ಯಜಮಾನರದ್ದು ಓ ಪಾಸಿಟಿವ್. ಮೊದಲ ಬಸಿರಿನಲ್ಲಿ ಏಳನೇ ತಿಂಗಳಿಗೆ ಒಂದು ಇಂಜೆಕ್ಷನ್, ಹೆರಿಗೆಯಾಗಿ ಮಗು ಪಾಸಿಟಿವ್ ಆದರೆ 72 ಗಂಟೆ ಒಳಗೆ ಇನ್ನೊಂದು ಅಂತ ಡಾಕ್ಟರ್ ಬರೆದುಕೊಟ್ಟಿದ್ದರು. ಹೆರಿಗೆಗೆ ಅಮ್ಮನ ಮನೆಗೆ ಹೋದೆ, ಅಲ್ಲಿನ ಒಂದು ನರ್ಸಿಂಗ್ ಹೋಂನಲ್ಲಿ ಮಗು ಪಾಸಿಟಿವ್ ಅಂತ ಬರೆದರು, ಎಲ್ಲರೂ ಖುಷಿಯಾಗಿ ಸ್ವೀಟ್ ಹಂಚಿದರು, ಇಂಜೆಕ್ಷನ್ ಮಾತೇ ಇಲ್ಲ. ಎರಡನೇ ದಿನ ರಾತ್ರಿ ನಾನೇ ಚೀಟಿ ತೆಗೆದು ತೋರಿಸಿದ ಮೇಲೆ ಓಡಾಡಿ ತರಿಸಿದರು.

ಅದು ಆಂಟಿ-ಡಿ, ಅದೂ ಆಂಟಿಬಾಡಿಯೇ ಅಂತ ಆಮೇಲೆ ಗೊತ್ತಾಯಿತು. ಹೆರಿಗೆ ಸಮಯದಲ್ಲಿ ಮಗುವಿನ ಪಾಸಿಟಿವ್ ರಕ್ತ ಸ್ವಲ್ಪ ನಮ್ಮೊಳಗೆ ಬಂದುಬಿಡುತ್ತದೆ. ನಮ್ಮ ದೇಹ ಅದನ್ನು ನೋಡಿ ಆಂಟಿಬಾಡಿ ಕಲಿತರೆ ಈ ಮಗುವಿಗೆ ಏನೂ ಆಗಲ್ಲ, ಮುಂದಿನ ಮಗುವಿನ ರಕ್ತವನ್ನು ಅದು ಹೊಟ್ಟೆಯೊಳಗೇ ಒಡೆಯುತ್ತದೆ. ಆಂಟಿ-ಡಿ ಮೊದಲೇ ಹೋಗಿ ಆ ರಕ್ತಕಣಗಳನ್ನು ಮುಗಿಸಿಬಿಡುತ್ತದೆ, ನಮ್ಮ ದೇಹಕ್ಕೆ ಗೊತ್ತೇ ಆಗದ ಹಾಗೆ. ಕಳ್ಳ ಬಂದದ್ದು ಮನೆಯವರಿಗೆ ಗೊತ್ತಾಗುವ ಮೊದಲೇ ಗೇಟಿನಲ್ಲೇ ಓಡಿಸಿದ ಹಾಗೆ. ಆಸ್ಟ್ರೇಲಿಯಾದಲ್ಲಿ ಜೇಮ್ಸ್ ಹ್ಯಾರಿಸನ್ ಅಂತ ಒಬ್ಬರು ಇದಕ್ಕಾಗಿಯೇ 1173 ಸಲ ರಕ್ತದ ಪ್ಲಾಸ್ಮಾ ಕೊಟ್ಟಿದ್ದರಂತೆ. 2025ರಲ್ಲಿ ತೀರಿಕೊಂಡರು ಅಂತ ಓದಿ ನಾನು ದೀಪ ಹಚ್ಚಿದೆ. ನನ್ನ ಎರಡನೇ ಮಗಳು ಆರೋಗ್ಯವಾಗಿದ್ದಾಳೆ.

ಇನ್ನೊಂದು, ಹೋದ ವರ್ಷ ಮಗನಿಗೆ ಬೀದಿ ನಾಯಿ ಕಾಲಿಗೆ ಕಚ್ಚಿ ಮಾಂಸ ಕಿತ್ತಿತು. ಸೋಪ್ ಹಾಕಿ 15 ನಿಮಿಷ ನಲ್ಲಿ ಕೆಳಗೆ ತೊಳೆದು ಓಡಿದೆವು. ತೋಳಿಗೆ ಲಸಿಕೆ ಕೊಟ್ಟರು, ಸರಿ. ಆಮೇಲೆ ಗಾಯದೊಳಗೇ, ಸುತ್ತಲೂ, ಇನ್ನೊಂದು ಚುಚ್ಚಿದರು ನೋಡಿ, ಅವನ ಕೂಗಿಗೆ ನಾನೂ ಅತ್ತೆ. ಎರಡೆರಡು ಯಾಕೆ ಅಂದದ್ದಕ್ಕೆ ಅಲ್ಲಿನ ಸಿಸ್ಟರ್ ಹೇಳಿದ್ದು ಈಗಲೂ ನೆನಪಿದೆ. ಲಸಿಕೆ ಬಿತ್ತನೆ ಇದ್ದ ಹಾಗೆ, ಅವನ ಮೈಯಲ್ಲೇ ಆಂಟಿಬಾಡಿ ಬೆಳೆಯಲು ಒಂದೆರಡು ವಾರ ಬೇಕು, ಅಷ್ಟು ದಿನ ನಾಯಿಯ ವೈರಸ್ ಕಾಯುವುದಿಲ್ಲ. ಗಾಯಕ್ಕೆ ಹಾಕಿದ್ದು ಪಕ್ಕದ ಮನೆಯಿಂದ ಕಡ ತಂದ ಅಕ್ಕಿ, ನಮ್ಮ ಗದ್ದೆ ಕೊಯ್ಲಾಗುವವರೆಗೆ. ಕಡದ ಅಕ್ಕಿ ಬೇಗ ಮುಗಿಯುತ್ತದೆ, ಅದಕ್ಕೆ ಲಸಿಕೆಯ ಒಂದು ಡೋಸೂ ತಪ್ಪಿಸಬಾರದು ಅಂದರು.

---

ಸೋಮವಾರಪೇಟೆ ಡಾಕ್ಟರ್ (ಈಗ ಮೈಸೂರು):

ಆ ಸಿಸ್ಟರ್‌ಗೆ ನನ್ನ ನಮಸ್ಕಾರ. ಇದನ್ನು ನಾನು ಕ್ಲಾಸ್‌ನಲ್ಲಿ ಬಳಸುತ್ತೇನೆ. ಒಂದು ಸೇರಿಸುವುದು, ಮೊದಲ ದಿನ ಗಾಯಕ್ಕೆ ಹಾಕುವ ಆ ಆಂಟಿಬಾಡಿ ಸೀರಮ್ ಸಿಗದಿದ್ದರೆ ಲಸಿಕೆ ಶುರುವಾಗಿ ಏಳು ದಿನದ ಒಳಗೆ ಹಾಕಿಸಬಹುದು. ಆಮೇಲೆ ಬೇಡ, ಅಷ್ಟೊತ್ತಿಗೆ ಸ್ವಂತ ಬೆಳೆ ಬಂದಿರುತ್ತದೆ. ಇದಕ್ಕೂ ಈಗ ಮೋನೋಕ್ಲೋನಲ್ ಬಂದಿದೆ, ಕುದುರೆಯದ್ದೇ ಆಗಬೇಕು ಅಂತಿಲ್ಲ.

---

ನಾಪೋಕ್ಲು ತೋಟದವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ, ಚಿಕ್ಕಮ್ಮನಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಅವರ ರಿಪೋರ್ಟ್‌ನಲ್ಲಿ ಹರ್-2 3+ ಅಂತಲೇ ಇದೆ. ಎಕೋ ತಾರೀಕು ಮುಂದಿನ ತಿಂಗಳು, ಅದನ್ನು ಬಿಡೋಣ ಅಂತ ಯೋಚಿಸಿದ್ದರಂತೆ, ಈಗ ಹೋಗುತ್ತೇನೆ ಅಂದರು.

ಹಾವಿನ ಅಣ್ಣ, ನೀವು ಹೇಳಿದ ಮೇಲೆ ಲೈನ್‌ಗೆ ಹೋಗಿ ಡಿಸ್ಚಾರ್ಜ್ ಚೀಟಿ ಕೇಳಿದೆ. ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದರು. ಕ್ರಿಯಾಟಿನಿನ್ ನೋಡಿಸಲು ಬನ್ನಿ ಅಂತ ಇಂಗ್ಲಿಷಿನಲ್ಲಿ ಬರೆದಿದೆ, ತಾರೀಕು ಮೊನ್ನೆಯದು. ಯಾರೂ ಓದಿ ಹೇಳಿಲ್ಲ, ನಾನೂ ಕೇಳಿರಲಿಲ್ಲ. ಇಂಜೆಕ್ಷನ್ನೇ ಕೊಡದವರು ಮತ್ತೆ ಯಾಕೆ ಕರೆಯುತ್ತಾರೆ ಅಂತ ಗಂಡ ಮುಖ ತಿರುಗಿಸಿದ. ಕೂರಿಸಿ ನಾಲ್ಕು ಹಾವಿನ ವಿಷಯ ಹೇಳಿದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ, ಆದರೆ ಬರುತ್ತೇನೆ ಅಂದ. ಮೂತ್ರ ಸರಿಯಾಗಿ ಹೋಗುತ್ತಿದೆ ಅಂತ ಹೇಳಿದಳು, ಕಾಲು ಊದಿಲ್ಲ.

ನಾಳೆ ಬೆಳಿಗ್ಗೆ ಅಪ್ಪನನ್ನೂ ಅವಳನ್ನೂ ಒಂದೇ ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಬರುತ್ತೇನೆ. ಅಕ್ಕ, ಖಾಲಿ ಹೊಟ್ಟೆಯಲ್ಲಿ ಬರಬೇಕಾ? ಅಪ್ಪನಿಗೆ ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲದಿದ್ದರೆ ಮನೆ ಬಿಟ್ಟು ಹೊರಡುವುದಿಲ್ಲ.

---

ಲ್ಯಾಬ್ ಅಕ್ಕ, ಮಡಿಕೇರಿ:

ತಿನ್ನಲಿ, ಎರಡಕ್ಕೂ ಖಾಲಿ ಹೊಟ್ಟೆ ಬೇಕಿಲ್ಲ. ಅಪ್ಪನ ಹಳೇ ಲೆಪ್ಟೋ ರಿಪೋರ್ಟ್ ಮರೆಯದೆ ತನ್ನಿ, ಜ್ವರ ಶುರುವಾದ ತಾರೀಕು ಅದರ ಮೇಲೆ ದೊಡ್ಡದಾಗಿ ಬರೆದಿಡಿ. ಅವಳ ಚೀಟಿಯೂ ಇರಲಿ. ಹತ್ತು ಗಂಟೆ ಒಳಗೆ ಬಂದರೆ ಕ್ರಿಯಾಟಿನಿನ್ ಮಧ್ಯಾಹ್ನಕ್ಕೆ ಸಿಗಬಹುದು. ರಿಪೋರ್ಟ್ ಕೈಗೆ ಬಂದ ಮೇಲೆ ಡಾಕ್ಟರಿಗೆ ತೋರಿಸಿಯೇ ವಾಪಸ್ ಹೋಗಿ.